ಮೂರು ತಿಂಗಳ ಸಕ್ಕರೆ

ರಾತ್ರಿ ಊಟ ಬಿಟ್ಟು ಬಂದಿದ್ದೀನಿ ಮೇಡಂ, ಅನ್ನುತ್ತಾರೆ
ತೋಳು ಚಾಚಿ, ಬಲು ನಂಬಿಕೆಯಿಂದ.
ನಾನು ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತೇನೆ.
ಒಂದು ರಾತ್ರಿಯ ಉಪವಾಸಕ್ಕೆ ಮರುಳಾಗುವ ಪರೀಕ್ಷೆ ಬೇರೆ.
ಇದು ಮೂರು ತಿಂಗಳ ಸರಾಸರಿ,
ಕದ್ದು ತಿಂದ ಒಬ್ಬಟ್ಟೂ ರಕ್ತದ ಲೆಕ್ಕದಲ್ಲಿರುತ್ತದೆ.
ಊರಿಗೆಲ್ಲ ಇದನ್ನು ಹೇಳುವ ನಾನು
ಎರಡು ವರ್ಷ ಕಾರ್ಡಿಗೆ ಕನಿಷ್ಠ ಬಾಕಿ ಕಟ್ಟಿದೆ.

ಕಾರ್ಡು ಕೊಟ್ಟವನು ಒಳ್ಳೆಯ ಹುಡುಗ.
ಮೈಸೂರಿನ ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿನ ಪಕ್ಕ
ಟೈ ಕಟ್ಟಿ, ಬೆವರುತ್ತ, ಮೇಜು ಹಾಕಿ ಕೂತಿದ್ದ.
ಒಂದು ಸಹಿಗೆ ಒಂದು ಟ್ರಾಲಿ ಬ್ಯಾಗು, ನೀಲಿ, ಪುಕ್ಕಟೆ.
ಸಂಜೆ ಮಂಡ್ಯದಲ್ಲಿ ಅದನ್ನೆಳೆದುಕೊಂಡು ಇಳಿದಾಗ
ಎಲ್ಲಿಗೋಗಿದ್ರಕ್ಕ, ಅಂದ ಆಟೋದ ಕೆಂಪಯ್ಯ.
ಎಲ್ಲಿಗೂ ಇಲ್ಲ. ಡ್ಯೂಟಿಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ನಾವು ಹಾಸಿಗೆಯನ್ನೇ ಕಂತಿನಲ್ಲಿ ತಂದೆವು,
ಆರಡಿಗೆ ಆರಡಿ, ಹತ್ತು ವರ್ಷ ಗ್ಯಾರಂಟಿ.
ಆಮೇಲೆ ಮಿಕ್ಸಿ. ನಾದಿನಿಯ ಸೀಮಂತ.
ಜವರೇಶನ ದವಡೆ ಹಲ್ಲಿನ ಬೇರು.
ಯಾವುದೂ ಶೋಕಿಯಲ್ಲ, ಅದೇ ತೊಂದರೆ.
ಶೋಕಿಯಾಗಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು.

ಬಾಕಿ ಎಂಬತ್ತಾರು ಸಾವಿರ.
ನಾಲ್ಕು ಸಾವಿರದ ಮುನ್ನೂರು ಕಟ್ಟಿದರೆ
ಅಸಲಿಗೆ ಸೇರುತ್ತಿದ್ದದ್ದು ಏಳುನೂರ ಚಿಲ್ಲರೆ,
ಅಷ್ಟರಲ್ಲಿ ಅದೇ ಕಾರ್ಡಿನಲ್ಲಿ ಎಣ್ಣೆ, ಬೇಳೆ.
ಮೂರು ರೂಪಾಯಿ ಬಡ್ಡಿಯವರ ಮನೆ ಅಂದರೆ
ಕೀಲಾರದ ನಮ್ಮಜ್ಜಿ ನೀರೂ ಮುಟ್ಟುತ್ತಿರಲಿಲ್ಲ.
ನನಗೆ ಮೂರೂವರೆ, ಮೇಲೆ ತೆರಿಗೆ,
ಮಿರುಗುವ ಲಕೋಟೆಯಲ್ಲಿ ಬಂತು,
ಇಂದ್ರಾಣಿ ಅಂತ ಉಬ್ಬಕ್ಷರದಲ್ಲಿ, ಒಂದು ತಪ್ಪಿಲ್ಲದೆ.
ರೇಷನ್ ಕಾರ್ಡಿನಲ್ಲಿ ನಾನು ಇವತ್ತಿಗೂ ಇಂದರಣಿ.

ಕನಿಷ್ಠವೂ ಹೊಂದದ ತಿಂಗಳು ಫೋನು ಶುರುವಾಯಿತು.
ಬೆಳಗಿನ ರೈಲಿನಲ್ಲಿ, ಯಲಿಯೂರು ದಾಟುವಾಗ ಒಂದು,
ಪಾಂಡವಪುರ ಬಿಟ್ಟ ಮೇಲೆ ಒಂದು.
ಕೇಳಿಸ್ತಿಲ್ಲ ಸರ್, ಸೇತುವೆ, ಸೇತುವೆ, ಅನ್ನುತ್ತಿದ್ದೆ.
ಕಾವೇರಿ ಅಷ್ಟೊಂದು ಅಗಲವಾ ಮೇಡಂ,
ಹದಿನೈದು ದಿನದಿಂದ ದಾಟ್ತಾನೇ ಇದ್ದೀರಿ, ಅಂದ ಒಬ್ಬ.
ನಕ್ಕುಬಿಟ್ಟೆ. ಅವನೂ ನಕ್ಕ.
ಆಮೇಲೆ ಅದೇ ದನಿಯಲ್ಲಿ
ಮನೆಗೆ ಬರ್ತೀವಿ, ಬೀದೀಲಿ ನಿಂತು ಕೂಗ್ತೀವಿ, ಅಂದ.

ಜವರೇಶನಿಗೆ ಹೇಳಿದ್ದು ಒಂದು ಭಾನುವಾರ,
ಬಸ್ಸಾರಿಗೆ ಅವನು ಹುಣಸೆ ಕಿವುಚುತ್ತಿದ್ದಾಗ.
ಮಂಚದಡಿಯ ಬ್ಯಾಗು ಎಳೆದು ಜಿಪ್ಪು ಬಿಚ್ಚಿದೆ.
ಇಪ್ಪತ್ತಾರು ಲಕೋಟೆ, ಒಡೆಯದವು ಹನ್ನೊಂದು.
ಕೈ ತೊಳೆಯದೆ ಅವನು ಒಂದೊಂದೇ ಒಡೆದ,
ಅಂಕಿಗಳ ಮೇಲೆಲ್ಲ ಹುಣಸೆಯ ಬೆರಳಚ್ಚು.
ನನ್ನ ಹಲ್ಲೂ ಇದರಲ್ಲೇ ಇದ್ದದಾ?
ಅದೆ, ಅಂದೆ.
ಬಸ್ಸಾರು ಬಹಳ ಹೊತ್ತು ಕುದಿಯಿತು.

ಸೋಮವಾರ ಸೊಸೈಟಿ ಬ್ಯಾಂಕಿನಲ್ಲಿ ನನ್ನೆರಡು ಬಳೆ ಇಟ್ಟೆವು.
ನೂರಕ್ಕೆ ಹತ್ತು, ವರ್ಷಕ್ಕೆ.
ತಿಂಗಳಿಗಲ್ಲವಾ, ಅಂತ ನಾನು ಎರಡು ಸಲ ಕೇಳಿದೆ.
ಕಾರ್ಡಿನ ಬಾಕಿ ಒಂದೇ ಏಟಿಗೆ ಸೊನ್ನೆ.
ಅದನ್ನು ತುಂಡರಿಸಲು ಅತ್ತೆಯ ಅಡಕತ್ತರಿಯೇ ಬೇಕಾಯಿತು.
ಕತ್ತರಿಸಿದರೆ ಸಾಲದು, ಖಾತೆ ಮುಚ್ಚಿದ ಪತ್ರ ತಗೊಳ್ಳಿ,
ಅಂದಿದ್ದಳು ಕೌಂಟರಿನ ಹುಡುಗಿ, ಸೀಲು ಒತ್ತುತ್ತ.

ಬಳೆ ಬಿಡಿಸಲು ಇನ್ನೂ ಏಳು ತಿಂಗಳು.
ಖಾಲಿ ಕೈ ನೋಡಿ ನಾದಿನಿ ಕೇಳಿದಾಗ
ಲ್ಯಾಬಿನಲ್ಲಿ ಗ್ಲೌಸು ಹರಿಯುತ್ತೆ, ಅಂದೆ.
ಈ ತಿಂಗಳು ಬೇಳೆಗೆ ನೋಟು ಎಣಿಸಿ ಕೊಟ್ಟೆವು,
ಕೊಡುವಾಗ ಬೆರಳಿಗೆ ಗೊತ್ತಾಯಿತು.
ನೀಲಿ ಬ್ಯಾಗಿನ ಒಂದು ಚಕ್ರ ಹೋಗಿದೆ,
ಒಳಗೆ ಬೆಳ್ಳುಳ್ಳಿ.

ನಿನ್ನೆ ರೈಲಿನಲ್ಲಿ ಮತ್ತೆ ಫೋನು. ಹೆಣ್ಣು ದನಿ, ಜೇನು.
ನಿಮಗೋಸ್ಕರ ಎರಡು ಲಕ್ಷದ ಕಾರ್ಡು ಮಂಜೂರಾಗಿದೆ ಮೇಡಂ,
ಜೊತೆಗೊಂದು ಗಿಫ್ಟು.
ಬ್ಯಾಗಾ? ಅಂದೆ.
ಅಯ್ಯೋ, ಹೇಗೆ ಗೊತ್ತಾಯ್ತು!
ಕೆಳಗೆ ಬಂಡೆಗಳ ನಡುವೆ ನೀರು, ಯಾರೋ ಬಟ್ಟೆ ಒಗೆಯುತ್ತಿದ್ದರು.
ಸೇತುವೆಯ ಮೇಲೆ ಸಿಗ್ನಲ್ ಚೆನ್ನಾಗಿಯೇ ಇತ್ತು,
ಯಾವತ್ತೂ ಚೆನ್ನಾಗಿಯೇ ಇತ್ತು.
ಬೇಡಮ್ಮ, ಅಂದೆ.